ನೇಕಾರಕೊಪ್ಪದ ಸೊನ್ನೆ

ಆ ಸೊನ್ನೆಯನ್ನು ಕಂಡು ಕೇಂದ್ರದಲ್ಲಿ ಎಲ್ಲರಿಗೂ ಖುಷಿಯಾಗಿತ್ತು. ದಾಕ್ಷಾಯಣಿ ಮಾತ್ರ ಅದನ್ನು ನಂಬಿರಲಿಲ್ಲ.

ಧಾರವಾಡದ ಸಂಶೋಧನಾ ಕೇಂದ್ರದ ಒಂದು ಗೋಡೆಯ ತುಂಬ ಪರದೆ, ಪರದೆಯ ತುಂಬ ಉತ್ತರದ ಏಳು ಜಿಲ್ಲೆಗಳ ನಕ್ಷೆ. ಹೆಂಗಸರ ಕ್ಯಾನ್ಸರ್ ತಪಾಸಣೆಯ 'ಬೆಳಕಿನ ಗಾಡಿ' ಹೋಗಿಬಂದ ಊರುಗಳೆಲ್ಲ ಅದರಲ್ಲಿ ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ಚುಕ್ಕೆಯ ಮೇಲೆ ಬೆರಳಿಟ್ಟರೆ ಎಷ್ಟು ಹೆಂಗಸರ ಪರೀಕ್ಷೆಯಾಗಿದೆ, ಎಷ್ಟು ಜನರಲ್ಲಿ ಸಂಶಯ ಕಂಡಿದೆ ಎಂಬುದು ತೆರೆದುಕೊಳ್ಳುತ್ತಿತ್ತು. ಒಂದೂರಲ್ಲಿ ಮುನ್ನೂರಕ್ಕೆ ಎಂಟು, ಇನ್ನೊಂದರಲ್ಲಿ ಇನ್ನೂರಕ್ಕೆ ಐದು. ನೇಕಾರಕೊಪ್ಪದಲ್ಲಿ ನಾನೂರ ಹನ್ನೆರಡಕ್ಕೆ ಸೊನ್ನೆ.

"ಇಡೀ ರಾಜ್ಯದಾಗ ಇಂಥಾ ಊರು ಇನ್ನೊಂದಿಲ್ಲ" ಎಂದು ನಿರ್ದೇಶಕ ಪಡಸಲಗಿಯವರು ಎರಡು ದಿನದಿಂದ ಹೇಳುತ್ತಲೇ ಇದ್ದರು. ಶನಿವಾರ ಆ ಊರಿಗೆ ಮಂತ್ರಿಗಳು ಬರುವವರಿದ್ದರು. ಪೆಂಡಾಲು ಗೊತ್ತಾಗಿತ್ತು, ಶಾಲು ಬಂದಿದ್ದವು, ಫಲಕದ ಮೇಲೆ 'ಕ್ಯಾನ್ಸರ್ ಮುಕ್ತ ಗ್ರಾಮ' ಎಂದು ಕೆತ್ತಿಸಿಯೂ ಆಗಿತ್ತು.

"ಸರ್, ಒಂದು ಕ್ಲಾಸಿನ್ಯಾಗ ಎಲ್ಲಾ ಹುಡುಗರೂ ನೂರಕ್ಕ ನೂರು ತಗದ್ರ ಮಾಸ್ತರು ಮೊದಲು ಪೇಪರ್ ಸೋರಿತೇನು ಅಂತ ನೋಡ್ತಾರ" ಎಂದಳು ದಾಕ್ಷಾಯಣಿ.

"ಮಂದಿ ಆರಾಮ ಇದ್ದಾರ ಅಂದ್ರ ನಿಮಗ ಯಾಕ್ರೀ ಇಷ್ಟು ಸಂಕಟ?" ಎಂದು ಅವರು ನಕ್ಕರು. ಅವರ ನಗೆಗೆ ಉತ್ತರ ಕೊಡುವುದು ಕಷ್ಟ. ನಿಜವಾಗಿಯೂ ಒಳ್ಳೆಯ ಮನುಷ್ಯ, ಅದೇ ತೊಂದರೆ.

ಗಾಡಿಯಲ್ಲಿ ಪರೀಕ್ಷೆ ಮಾಡುವ ಬೆಳಕಿನ ಕಡ್ಡಿಯನ್ನು ರೂಪಿಸಿದವಳು ದಾಕ್ಷಾಯಣಿಯೇ. ಪೆನ್ನಿಗಿಂತ ತುಸು ಉದ್ದವಾದ ಸಲಾಕೆ ಅದು. ತುದಿಯಿಂದ ನೀಲಿ ಬೆಳಕು ಹೊರಡುತ್ತದೆ. ಗರ್ಭಕಂಠದ ಮೇಲೆ ಆ ಬೆಳಕು ಬಿದ್ದಾಗ ಮೇಲ್ಪೊರೆಯ ಕೆಳಗಿನ ಎಳೆಗಳು ತಮ್ಮದೇ ಒಂದು ಮಂಕು ಹಸಿರು ಹೊಳಪನ್ನು ಹಿಂದಕ್ಕೆ ಕೊಡುತ್ತವೆ. ರೋಗ ಇನ್ನೂ ಹೊಂಚು ಹಾಕುತ್ತಿರುವ ಕಾಲದಲ್ಲೇ, ಗಂಟಿಲ್ಲ ನೋವಿಲ್ಲ ಎನ್ನುವ ಹೊತ್ತಿನಲ್ಲೇ, ಆ ಎಳೆಗಳು ಸಡಿಲವಾಗಿ ಹೊಳಪು ಕುಗ್ಗುತ್ತದೆ. ಕಣ್ಣಿಗೆ ಕಾಣದ ಆ ಕುಗ್ಗುವಿಕೆಯನ್ನು ಕಡ್ಡಿ ಅಳೆದು ನೂರರೊಳಗಿನ ಒಂದು ಅಂಕಿಯಾಗಿ ಹೇಳುತ್ತದೆ. ಅರವತ್ತಕ್ಕಿಂತ ಮೇಲೆ ಬಂದರೆ ಹಸಿರು ಚೀಟಿ, ಕೆಳಗೆ ಬಂದರೆ ಆಸ್ಪತ್ರೆಯ ದಾರಿ. ಸೂಜಿಯಿಲ್ಲ, ವಾರಗಟ್ಟಲೆ ಕಾಯುವುದಿಲ್ಲ, ನಾಲ್ಕು ನಿಮಿಷದ ಕೆಲಸ.

ಹಸಿರು ಚೀಟಿ ಬಂದ ಮೇಲೆ ಹಳ್ಳಿಗಳ ಹೆಂಗಸರು ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ದೇವರ ಜಗುಲಿಯ ಪಕ್ಕ ನೇತುಹಾಕತೊಡಗಿದ್ದರು. ಬೀಗರು ಬಂದರೆ ತೋರಿಸುವವರೂ ಇದ್ದರು. ನೇಕಾರಕೊಪ್ಪದಲ್ಲಿ ಅಂಥದೊಂದು ಚೀಟಿ ದಾಕ್ಷಾಯಣಿಯ ಚಿಕ್ಕಮ್ಮ, ಅವಳ ಬಾಯಲ್ಲಿ ಚಿಗವ್ವ, ಬಸಲಿಂಗವ್ವನ ಮನೆಯಲ್ಲೂ ಇತ್ತು. ಅದರ ಮೇಲೆ ತೊಂಬತ್ತೆಂಟು ಎಂದು ಅಚ್ಚಾಗಿತ್ತು.

ತಾಯಿ ಇಲ್ಲದ ದಾಕ್ಷಾಯಣಿಯನ್ನು ಆರು ವರ್ಷದವಳಿದ್ದಾಗಿನಿಂದ ಸಾಕಿದವಳು ಈ ಚಿಗವ್ವ. ಹಗಲೆಲ್ಲ ಮಗ್ಗದ ಮುಂದೆ ನಿಂತು, ಸಂಜೆ ಓಣಿಯ ಬಾಣಂತಿಯರನ್ನು ನೋಡಿಕೊಂಡು ಬರುತ್ತಿದ್ದಳು. ಆ ಮದ್ದು, ಈ ಕಷಾಯ ಎಂದು ಓಣಿಯ ಹೆಂಗಸರಿಗೆ ಅವಳ ಮಾತೇ ಕೊನೆಯ ಮಾತು. ಮೊದಲು ಶಿಬಿರಕ್ಕೆ ಒಲ್ಲೆ ಅಂದವಳನ್ನು "ನಾನ ಮಾಡಿದ್ದ ಯಂತ್ರ ಚಿಗವ್ವ, ನೀನ ಬರಲಿಲ್ಲಂದ್ರ ಯಾರು ಬರ್ತಾರ?" ಎಂದು ಪುಸಲಾಯಿಸಿ ಕಳಿಸಿದ್ದು ದಾಕ್ಷಾಯಣಿ. ಚಿಗವ್ವ ಹೋದಳು. ಚಿಗವ್ವ ಹೋದದ್ದಕ್ಕೆ ಇಡೀ ಓಣಿ ಹೋಯಿತು.

ಅದೆಲ್ಲ ಆಗಿ ಎರಡು ತಿಂಗಳು. ಮೊನ್ನೆ ಫೋನಿನಲ್ಲಿ ಮಾತಾಡುತ್ತ ಚಿಗವ್ವ ಊರ ಸುದ್ದಿಯ ನಡುವೆ ಒಂದು ಮಾತು ತೇಲಿಸಿದ್ದಳು.

"ಮೂರು ವರ್ಷದ ಹಿಂದ ನಿಂತಿದ್ದು ಮತ್ತ ಸುರುವಾಗೇತಿ ನೋಡವಾ. ಮುದುಕಿಗೆ ಪ್ರಾಯ ಬಂತು!"

ದಾಕ್ಷಾಯಣಿಗೆ ನಗು ಬರಲಿಲ್ಲ. "ಯಾವಾಗಿಂದ? ನಾಳೆನ ಬಾಗಲಕೋಟಿ ಆಸ್ಪತ್ರಿಗೆ ಹೋಗು."

"ಯಾಕ ಹೋಗ್ಲಿ? ತೊಂಬತ್ತೆಂಟು ಬಂದೈತಲ್ಲ. ನಿನ್ನ ಬೆಳಕು ಸುಳ್ಳು ಹೇಳತೈತೇನ?"

ಅಂದಿನಿಂದ ದಾಕ್ಷಾಯಣಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಚಹಾ ತರಿಸಿ ಕುಡಿಯುವುದನ್ನೇ ಮರೆಯುತ್ತಿದ್ದಳು. ನೇಕಾರಕೊಪ್ಪದ ನಾನೂರ ಹನ್ನೆರಡು ಅಂಕಿಗಳನ್ನು ಇಳಿಸಿಕೊಂಡು ನೋಡಿದಳು. ತೊಂಬತ್ತೈದು, ತೊಂಬತ್ತೊಂಬತ್ತು, ನೂರು, ನೂರು. ಎಪ್ಪತ್ತರ ಆಸುಪಾಸಿನ ಅಂಕಿಯವರೂ ಇರಬೇಕಿತ್ತಲ್ಲ, ಒಬ್ಬಳೂ ಇಲ್ಲ. ಮೂಲ ಬೆಳಕಿನ ದಾಖಲೆ ಸಿಕ್ಕಿದ್ದರೆ ಏನಾದರೂ ತಿಳಿಯುತ್ತಿತ್ತು, ಆದರೆ ಅದು ಇರಲಿಲ್ಲ. ಹಳ್ಳಿಗಳಲ್ಲಿ ನೆಟ್‌ವರ್ಕ್ ಸಾಲದೆಂದು ಗಾಡಿ ಬರೀ ಅಂಕಿಯನ್ನಷ್ಟೇ ಕಳಿಸಲಿ ಎಂದು ತೀರ್ಮಾನಿಸಿದವಳು ಇವಳೇ. ನೂರಕ್ಕಿಂತ ಹೆಚ್ಚು ಹೊಳಪು ಬಂದರೆ ಅದನ್ನು ನೂರು ಎಂದೇ ಹಿಡಿಯಲಿ ಎಂದು ಬರೆದವಳೂ ಇವಳೇ. ಹೊಳಪು ಕಡಿಮೆಯಾದರೆ ತಾನೇ ಭಯ, ಹೆಚ್ಚಾದರೆ ಏನು ನಷ್ಟ ಎಂದು ಆಗ ಅನ್ನಿಸಿತ್ತು.

ಗುರುವಾರ ಬೆಳಿಗ್ಗೆ ರಜೆಯ ಚೀಟಿಯನ್ನೂ ಬರೆಯದೆ, ಹೆಚ್ಚುವರಿ ಕಡ್ಡಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

* * *

ನೇಕಾರಕೊಪ್ಪಕ್ಕೆ ಕಾಲಿಟ್ಟರೆ ಮೊದಲು ಕಿವಿಗೆ ಕೆಲಸ. ಮನೆಮನೆಯ ಪಡಸಾಲೆಯಲ್ಲೂ ವಿದ್ಯುತ್ ಮಗ್ಗ, ಬೆಳಗಿನಿಂದ ಕತ್ತಲಾಗುವ ತನಕ ಖಟಖಟ. ಇಲ್ಲಿಯ ಜನ ಸಹಜವಾಗಿಯೇ ಗಟ್ಟಿಯಾಗಿ ಮಾತಾಡುತ್ತಾರೆ. ಗುಟ್ಟನ್ನು ಹೇಳಬೇಕಾದರೆ ಕೈಸನ್ನೆ ಮಾಡುತ್ತಾರೆ.

ಚಿಗವ್ವ ಬಾಗಿಲಲ್ಲೇ ಅವಳ ಮುಖ ಹಿಡಿದು ನೋಡಿದಳು. "ಎಷ್ಟು ಸೊರಗೀಯವಾ! ಅಲ್ಲಿ ಬೆಳಕನ್ನ ಉಣ್ಣತೀಯೇನ?" ಸೊರಗಿದ್ದವಳು ನಿಜಕ್ಕೂ ಚಿಗವ್ವ. ರವಿಕೆಯ ತೋಳು ಜೋಲುತ್ತಿತ್ತು.

ಊಟ ಮಾಡಿದ ಶಾಸ್ತ್ರ ಮಾಡಿ ಅವಳು ವಿಷಯಕ್ಕೆ ಬಂದಳು. "ಚಿಗವ್ವ, ನಾಳೆ ಮುಂಜಾನೆ ಇನ್ನೊಮ್ಮೆ ಪರೀಕ್ಷೆ ಮಾಡಿಸ್ಕೊ. ನರ್ಸ್ ಮೆಹಬೂಬಿಗೆ ಹೇಳೀನಿ, ಇಲ್ಲೇ ಉಪಕೇಂದ್ರದಾಗ. ನಾನೂ ಇರ್ತೀನಿ."

"ಪಾಸಾದವರಿಗೆ ಮತ್ತ ಪರೀಕ್ಷೆ ಇಡತಾರೇನ?"

"ನನಗಾಗಿ ಮಾಡಿಸ್ಕೊ."

ಚಿಗವ್ವ ಸಾಕುಮಗಳ ಮುಖವನ್ನೇ ನೋಡಿದಳು. ಏನು ಕಂಡಿತೋ, ವಾದ ಮಾಡಲಿಲ್ಲ. "ಆತು ಬಿಡು. ಹಂಗಾರ ಇವತ್ತ ತಯಾರಿ ಮಾಡ್ಕೋಬೇಕು" ಎಂದು ಎದ್ದಳು.

ತಯಾರಿ ಅಂದರೇನು ಎಂದು ದಾಕ್ಷಾಯಣಿ ಕೇಳಲಿಲ್ಲ. ಸ್ನಾನವೋ, ಸೀರೆಯೋ ಇರಬೇಕು ಅಂದುಕೊಂಡಳು. ಸಂಜೆ ಐದರ ಸುಮಾರಿಗೆ ಅಡುಗೆಮನೆಯಿಂದ ಒಂದು ವಾಸನೆ ಬಂತು. ಒಗ್ಗರಣೆಯದಲ್ಲ, ಹಸಿ ಅರಿಶಿನ ಕುದಿಯುವ ವಾಸನೆ. ಹೋಗಿ ನೋಡಿದರೆ ಒಲೆಯ ಮೇಲೆ ಸಣ್ಣ ಪಾತ್ರೆ, ಅದರಲ್ಲಿ ಕೊತಕೊತ ಕುದಿಯುವ ಹಳದಿ ನೀರು, ನೀರಿನಲ್ಲಿ ಒಂದೆರಡು ಹತ್ತಿಯ ಉಂಡೆ. ಚಿಗವ್ವ ನೆಲದ ಮೇಲೆ ಕೂತು ಅರಳೆಯನ್ನು ನೆಲ್ಲಿಕಾಯಿಯಷ್ಟು ಉಂಡೆ ಮಾಡಿ, ಮಗ್ಗದ ನೂಲಿನಿಂದ ಸುತ್ತಿ ಬಿಗಿದು, ಗೇಣುದ್ದದ ಎಳೆಯೊಂದನ್ನು ಬಾಲದ ಹಾಗೆ ಬಿಡುತ್ತಿದ್ದಳು.

"ಏನದು?"

ಚಿಗವ್ವ ಸೆರಗಿನಲ್ಲಿ ಅದನ್ನು ಮುಚ್ಚಿಕೊಳ್ಳುವಷ್ಟು ನಾಚಿದಳು. "ಬಾಣಂತ್ಯಾರಿಗೆ ಕಟ್ಟೂ ಉಂಡಿ ಇದು. ನಮ್ಮವ್ವ ಕಲಿಸಿದ್ದು. ಅರಿಷಿಣದಾಗ ಕುದಿಸಿ, ರಾತ್ರಿ ಒಳಗ ಇಟ್ಕೊಂಡು, ಮುಂಜಾನೆ ಈ ಎಳಿ ಹಿಡದು ತಗೀಬೇಕು. ಒಳಗಿಂದೊಳಗ ಸ್ವಚ್ಛ ಆಕ್ಕೈತಿ, ವಾಸನಿ ಇರೂದಿಲ್ಲ."

"ಪರೀಕ್ಷೆಗೆ ಯಾಕ?"

"ಆ ಮೆಹಬೂಬಿ ಸಣ್ಣ ಹುಡುಗಿ ಐತಿ. ದಿನಾ ನಲವತ್ತು ಮಂದೀದು ನೋಡಬೇಕು. ಮಗ್ಗದ ಮುಂದ ಬೆವತು ನಿಂತ ಹೆಂಗಸರು ಹಂಗ ಹೋಗಿ ಕಾಲಗಲಿಸಿ ಮಲಗಿದ್ರ ಆಕಿ ಏನ್ ತಿಳೀಬೇಕು? ಮೂಗು ಮುಚ್ಚಿಕೊಂಡ್ರ ನಮ್ಮ ಓಣಿ ಮರ್ಯಾದಿ ಏನಾತು? ಅದಕ್ಕ ಹೋಗೂ ಹಿಂದಿನ ದಿನ ಎಲ್ಲಾರಿಗೂ ಇದನ್ನ ಕಟ್ಟಿ ಕೊಟ್ಟೆ. ಕಡೀಗೆ ಊರಾಗೆಲ್ಲಾ ಇದ ರೂಢಿ ಆತು."

ದಾಕ್ಷಾಯಣಿ ಹೋಗಿ ಚೀಲದಿಂದ ಕಡ್ಡಿ ತಂದಳು. ಪಾತ್ರೆಯಿಂದ ಒಂದು ಉಂಡೆಯನ್ನು ಚಮಚದಲ್ಲಿ ಎತ್ತಿ ತಾಟಿನಲ್ಲಿಟ್ಟು, ಅದರ ಮೇಲೆ ಕಡ್ಡಿಯ ತುದಿ ಹಿಡಿದಳು. ನೀಲಿ ಬೆಳಕು ಬಿದ್ದ ಕೂಡಲೇ ಹಳದಿ ಹತ್ತಿ ಧಗ್ಗನೆ ಹಸಿರಾಗಿ ಉರಿಯಿತು. ಬರಿಗಣ್ಣಿಗೇ ಕಾಣುವಷ್ಟು. ಕಡ್ಡಿಯ ಪುಟ್ಟ ಪರದೆಯ ಮೇಲೆ ಅಂಕಿ ಮೂಡಿತು.

ನೂರು. ಆರೋಗ್ಯಕರ. ಮುಂದಿನ ಪರೀಕ್ಷೆ ಐದು ವರ್ಷಗಳ ನಂತರ.

"ಏನಂತೈತಿ?" ಎಂದಳು ಚಿಗವ್ವ.

"ಹತ್ತಿ ಉಂಡಿ ಗಟ್ಟಿಮುಟ್ಟಾಗಿ ಐತಂತ" ಎಂದಳು ದಾಕ್ಷಾಯಣಿ. ನಗಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಒಲೆಯ ಪಕ್ಕದಲ್ಲೇ ಕುಸಿದು ಕೂತು ಹುಡುಗಿಯ ಹಾಗೆ ಅತ್ತಳು.

ಅರಿಶಿನ ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಎಂಎಸ್ಸಿ ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ಅವಳೇ ಮಾಡಿ ತೋರಿಸಿದ್ದಳು. ಶುರುವಿನಲ್ಲಿ ನಗರದ ಆಸ್ಪತ್ರೆಯಲ್ಲಿ ಪ್ರಯೋಗ ನಡೆದಾಗ ನರ್ಸುಗಳು ಮೊದಲು ಒಳಗೆಲ್ಲ ಉಪ್ಪುನೀರಿನಿಂದ ಒರೆಸಿ, ಆಮೇಲೆ ಕಡ್ಡಿ ಹಿಡಿಯುತ್ತಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಗಾಡಿಯಲ್ಲಿ ಅಷ್ಟು ಪುರಸೊತ್ತಿಲ್ಲ ಎಂದು ಪಡಸಲಗಿಯವರು ಕೇಳಿದ್ದರು: ಒರೆಸದಿದ್ದರೆ ಏನಾದರೂ ಆಗುತ್ತದೆಯೇ? ಏನೂ ಆಗುವುದಿಲ್ಲ ಎಂದು ಬರೆದು ಸಹಿ ಹಾಕಿದ್ದು ದಾಕ್ಷಾಯಣಿ ಹೂಗಾರ. ಒರೆಸಿದ್ದರೂ ಅರಿಶಿನ ಪೂರ್ತಿ ಹೋಗುತ್ತಿತ್ತೋ ಇಲ್ಲವೋ, ಒರೆಸಿದ ಹತ್ತಿ ಹಳದಿಯಾದದ್ದನ್ನು ಕಂಡು ಮೆಹಬೂಬಿಯಾದರೂ ಕೇಳುತ್ತಿದ್ದಳು. ಈ ಹಳ್ಳಿಯಲ್ಲೇ ಬೆಳೆದವಳು ತಾನು, ಈ ಹೆಂಗಸರು ಕೊಳೆಯಾಗಿ ಯಾರ ಮುಂದೆಯೂ ನಿಲ್ಲುವವರಲ್ಲ ಎಂಬುದು ತನಗಾದರೂ ಹೊಳೆಯಬೇಕಿತ್ತು ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಪಾತ್ರೆಯ ನೀರನ್ನು ಬಚ್ಚಲಿಗೆ ಚೆಲ್ಲಿ, "ನಾಳೆ ಹಂಗ ಬಾ ಚಿಗವ್ವ. ನಿನಗ ಕೈ ಮುಗೀತೀನಿ" ಎಂದಳು.

* * *

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಉಪಕೇಂದ್ರದ ಬಾಗಿಲು ತೆರೆಯಿತು. ಮೆಹಬೂಬಿ ಪರದೆ ಎಳೆದು, ಚಿಗವ್ವನನ್ನು ಮಲಗಿಸಿ, ಉಪ್ಪುನೀರಿನ ಹತ್ತಿಯಿಂದ ಮೂರು ಸಲ ಒರೆಸಿದಳು. "ಸ್ವಲ್ಪ ತಣ್ಣಗ ಅನಸ್ತೈತ್ರಿ ಚಿಗವ್ವ, ಗಾಬರಿ ಆಗಬ್ಯಾಡ್ರಿ" ಎನ್ನುತ್ತಿದ್ದುದು ಪರದೆಯ ಈಚೆಗೆ ಕೇಳುತ್ತಿತ್ತು. ಊರಿಗೆಲ್ಲ ಬಸಲಿಂಗವ್ವ ಚಿಗವ್ವನೇ.

ಈಚೆ ದಾಕ್ಷಾಯಣಿಯ ಫೋನು ಅದುರಿತು. ರಾತ್ರಿ ಕಳಿಸಿದ ಸಂದೇಶಕ್ಕೆ ಪಡಸಲಗಿಯವರು ಈಗ ಕರೆ ಮಾಡುತ್ತಿದ್ದರು.

"ನೋಡ್ರಿ, ನೀವು ಹೇಳೋದು ಖರೇನ ಇರಬಹುದು. ನಾಳೆ ಕಾರ್ಯಕ್ರಮ ಒಂದು ಮುಗೀಲಿ. ಹದಿನೈದು ದಿನ ಬಿಟ್ಟು ಎರಡನೇ ಸುತ್ತು ಅಂತ ಹೇಳಿ ಸದ್ದಿಲ್ಲದಂಗ ಮತ್ತ ಗಾಡಿ ಕಳಸೋಣ."

"ನಾಳೆ ಆ ಫಲಕ ನೆಟ್ಟ ಮ್ಯಾಲ ಇಲ್ಲಿ ಯಾವ ಹೆಂಗಸು ಎರಡನೇ ಸುತ್ತಿಗೆ ಬರ್ತಾಳ್ರಿ ಸರ್? ಮುಕ್ತ ಅಂತ ಕಲ್ಲಾಗ ಕೆತ್ತಿ ಕೊಟ್ಟಿರ್ತೀವಿ."

"ಈಗ ಎಲ್ಲಾ ಸುಳ್ಳು ಅಂದ್ರ ಇಡೀ ಯೋಜನೆ ಮ್ಯಾಲಿನ ನಂಬಿಕಿ ಹೋಗ್ತೈತಿ. ಉಳಿದ ಸಾವಿರ ಹಳ್ಳಿ ಗತಿ ಏನು? ಯೋಚನೆ ಮಾಡ್ರಿ."

ಅದು ಬರೀ ಬೆದರಿಕೆಯ ಮಾತಾಗಿರಲಿಲ್ಲ, ಅದರಲ್ಲಿ ಸತ್ಯವೂ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಚಡಪಡಿಕೆಯಾಯಿತು. ಅಷ್ಟರಲ್ಲಿ ಪರದೆಯ ಆಚೆ ಕಡ್ಡಿ ಪಿಕ್ ಎಂದಿತು. ಮೆಹಬೂಬಿ ಕೈ ಮಾತ್ರ ಹೊರಗೆ ಚಾಚಿ ಕಡ್ಡಿಯನ್ನು ಕೊಟ್ಟಳು.

ಮೂವತ್ತೊಂದು.

ದಾಕ್ಷಾಯಣಿ ಫೋನನ್ನು ಕಿವಿಯಿಂದ ಇಳಿಸಿದಳು. ಅದರಲ್ಲಿ ಪಡಸಲಗಿಯವರು ಹಲೋ ಹಲೋ ಅನ್ನುತ್ತಲೇ ಇದ್ದರು. ಕೇಂದ್ರದ ಪುಟ ತೆರೆದು, ನೇಕಾರಕೊಪ್ಪದ ಚುಕ್ಕೆಯ ಮೇಲೆ ಬೆರಳಿಟ್ಟು, ಫಲಿತಾಂಶ ರದ್ದು ಎಂಬಲ್ಲಿ ಒತ್ತಿದಳು. ಖಚಿತವೇ ಎಂದು ಅದು ಕೇಳಿತು. ಖಚಿತ ಎಂದಳು. ಧಾರವಾಡದ ಗೋಡೆಯ ಮೇಲೆ ಆ ಕ್ಷಣ ಒಂದು ಹಸಿರು ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗಿರಬೇಕು. ಕೆಲಸ ಹೋದರೆ ಹೋಗಲಿ ಎಂದು ಅವಳಿಗೆ ಅನ್ನಿಸಿದ್ದು ಒತ್ತಿಯಾದ ಮೇಲೆ.

ಚಿಗವ್ವ ಸೀರೆ ಸರಿಮಾಡಿಕೊಂಡು ಹೊರಬಂದು ಬೆಂಚಿನ ಮೇಲೆ ಕೂತಳು. "ಎಷ್ಟು ಬಂತು?"

ದಾಕ್ಷಾಯಣಿ ಹೇಳಿದಳು. ಒಳಗಿನ ಎಳೆಗಳ ಹೊಳಪು ಕುಗ್ಗಿದೆ, ಆದರೆ ಇದು ಬರೀ ಸಂಶಯ, ಆಸ್ಪತ್ರೆಯಲ್ಲಿ ಸಣ್ಣ ತುಣುಕು ತೆಗೆದು ನೋಡಿದ ಮೇಲೆಯೇ ಖಾತ್ರಿ, ಇನ್ನೂ ತಡವಾಗಿರಲಿಕ್ಕಿಲ್ಲ, ಬೇಗ ಹಿಡಿದರೆ ಗುಣವಾಗುವ ಕಾಯಿಲೆ ಎಂದೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿಯೇ ತನಗೆ ಬೇರೆ ಯಾರದೋ ಅನ್ನಿಸಿತು.

"ಎಳಿ ಸಡ್ಲ ಆಗ್ಯಾವ ಅನ್ನು" ಎಂದಳು ಚಿಗವ್ವ. ನಲವತ್ತು ವರ್ಷ ಹಾಸು ಹೊಕ್ಕಿನ ನಡುವೆ ಬದುಕಿದವಳಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಿರಲಿಲ್ಲ. ಆಮೇಲೆ ಕೇಳಿದಳು: "ಮತ್ತ ಉಳದವರದು?"

"ಯಾರದು ಹೆಂಗೈತೋ ಗೊತ್ತಿಲ್ಲ ಚಿಗವ್ವ. ಎಲ್ಲಾರದೂ ಹೊಸದಾಗಿ ನೋಡಬೇಕು. ಆದ್ರ ಕರದ್ರ ಬರೂದಿಲ್ಲ. ಹಸರ ಚೀಟಿ ಇದ್ದವಳು ಮತ್ತ ಹೋದ್ಲಂದ್ರ ಆಕಿಗೆ ಏನೋ ಐತಿ ಅಂತ ಓಣಿ ಆಡಿಕೊಳ್ತೈತಿ."

"ಉಂಡಿ ಕಟ್ಟಿ ಕೊಟ್ಟಾಕಿ ನಾನು" ಎಂದು ಚಿಗವ್ವ ಎದ್ದು ನಿಂತಳು.

"ಅನುಮತಿ ಕೊಟ್ಟಾಕಿ ನಾನು."

"ಆಮ್ಯಾಲ ಜಗಳಾಡೂಣಂತ. ಬಾ."

ಅವಳು ಹೋದದ್ದು ಓಣಿಯ ನಡುವಿನ ಕಂಬದ ಹತ್ತಿರ. ಅಲ್ಲಿಂದಲೇ ಎಲ್ಲ ಮಗ್ಗಗಳಿಗೂ ಕರೆಂಟು ಹೋಗುವುದು. ಪೆಟ್ಟಿಗೆಯ ಬಾಗಿಲು ತೆಗೆದು ಚಿಗವ್ವ ಎರಡೂ ಕೈಯಿಂದ ಹಿಡಿಕೆಯನ್ನು ಕೆಳಗೆಳೆದಳು. ಖಟಖಟ ಒಂದೇ ಏಟಿಗೆ ನಿಂತುಹೋಯಿತು. ಹಾಡಹಗಲಲ್ಲಿ ನೇಕಾರಕೊಪ್ಪ ಮೌನವಾದದ್ದನ್ನು ದಾಕ್ಷಾಯಣಿ ಎಂದೂ ಕೇಳಿರಲಿಲ್ಲ. ಅರ್ಧ ನಿಮಿಷದಲ್ಲಿ ಗಂಡಸರು ಹೆಂಗಸರೆಲ್ಲ ಬಾಗಿಲಿಗೆ ಬಂದರು. "ಯಾರ್ಲೇ ಅದು ಕರೆಂಟ್ ತಗದವ್ರು?" ಎಂದು ಕೂಗುತ್ತ ಮುಂದೆ ಬಂದವನು ಚಿಗವ್ವನ ಗಂಡನೇ. ಹೆಂಡತಿಯನ್ನು ಕಂಡು ಅಲ್ಲೇ ನಿಂತ.

ಚಿಗವ್ವನಿಗೆ ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ. ಮಗ್ಗದ ಸದ್ದನ್ನು ಮೀರಿಸಲು ಕಲಿತ ಅದೇ ದನಿಯಲ್ಲಿ, ಗಂಡಸರ ಎದುರಿಗೇ, ಹೇಳಿದಳು.

"ಕೇಳ್ರಿ. ಮೂರು ವರ್ಷದ ಹಿಂದ ನನ್ನ ಮುಟ್ಟು ನಿಂತಿತ್ತು. ಈಗ ಎರಡು ತಿಂಗಳಿಂದ ಮತ್ತ ರಕ್ತ ಹೊಂಟೈತಿ. ಮನ್ಯಾಗ ಸೈತ ಹೇಳಿಲ್ಲ. ಹಸರ ಚೀಟಿ ಐತಿ, ಏನೂ ಆಗೂದಿಲ್ಲ ಅಂತ ಸುಮ್ಮಿದ್ದೆ. ಇವತ್ತ ಮತ್ತ ನೋಡಿದ್ರ ಕಡ್ಡಿ ನನಗ ರೋಗದ ಸಂಶಯ ಐತಿ ಅಂತೈತಿ. ಅವತ್ತ ಅದು ನೋಡಿದ್ದು ನಮ್ಮ ಮೈ ಅಲ್ಲ, ನಾ ಕಟ್ಟಿ ಕೊಟ್ಟ ಉಂಡಿ ಅರಿಷಿಣಾನ ನೋಡಿ ಎಲ್ಲಾರನೂ ಪಾಸ್ ಮಾಡೇತಿ. ನನ್ನ ಚೀಟಿ ಸುಳ್ಳಾತು. ನಿಮ್ಮದೂ ಲೆಕ್ಕಕ್ಕಿಲ್ಲ. ಉಂಡಿ ಇಟ್ಕೋಳಾರದ ಎರಡು ದಿನ ಆದವರು ಈಗ ಬರ್ರಿ. ವಾಸನಿ ಬಂದ್ರ ಬರ್ಲಿ."

ಓಣಿ ಕದಲಲಿಲ್ಲ. ಗಂಡಸರು ನೆಲ ನೋಡಿದರು. ಚಿಗವ್ವನ ಗಂಡ ಹೆಗಲ ಮೇಲಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡ. ಯಾರೂ ಬರುವುದಿಲ್ಲ ಎಂದುಕೊಂಡಳು ದಾಕ್ಷಾಯಣಿ. ತಾನೂ ಏನಾದರೂ ಹೇಳಬೇಕು, ಎಳೆಗಳ ಬಗ್ಗೆ, ಬೆಳಕಿನ ಬಗ್ಗೆ, ತನ್ನ ಸಹಿಯ ಬಗ್ಗೆ. ಹೇಳಲೆಂದು ಒಂದು ಹೆಜ್ಜೆ ಮುಂದಿಟ್ಟಳು.

ಆಗ ಮೂಲೆಯ ಮನೆಯ ನಿಂಬೆವ್ವ ಮೆಟ್ಟಿಲಿಳಿದು ಬಂದಳು. ಮೂವತ್ತೈದರ ಹೆಂಗಸು, ದಾಕ್ಷಾಯಣಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಳನೇ ಇಯತ್ತೆಯವರೆಗೆ ಓದಿದವಳು. ತಲೆಯಲ್ಲೆಲ್ಲ ಅರಳೆಯ ಚೂರು.

"ನನಗೂ ಮುಟ್ಟಿನ ನಡುನಡುವ ರಕ್ತ ಹೋಗಾಕತ್ತೈತ್ರಿ ಚಿಗವ್ವ" ಎಂದಳು. "ಚೀಟಿ ಕೊಡೂಕಿಂತ ಮೊದಲಿನಿಂದನೂ. ನಾಲ್ಕು ತಿಂಗಳಾತು."

"ನಾಲ್ಕು ತಿಂಗಳು! ನನ್ನ ಮುಂದ ಯಾಕ ಹೇಳಲಿಲ್ಲ?"

ನಿಂಬೆವ್ವ ದಾಕ್ಷಾಯಣಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

"ಇಕಿ ನಮ್ಮೂರ ಹುಡುಗಿ, ಅಷ್ಟು ಓದಿ ಯಂತ್ರ ಮಾಡ್ಯಾಳ. ಅದು ತಪ್ಪು ಹೇಳೇತಿ ಅಂದ್ರ ಇಕಿಗೆ ಹೆಸರು ಕೆಟ್ಟೀತು ಅಂತ ಸುಮ್ಮನಾದೆ."

ದಾಕ್ಷಾಯಣಿ ಹೋಗಿ ಅವಳ ಕೈ ಹಿಡಿದುಕೊಂಡಳು. ಹಿಡಿದ ಕೈಯನ್ನು ಬಿಡದೆ ಉಪಕೇಂದ್ರದ ಮೆಟ್ಟಿಲು ಹತ್ತಿದಳು. ಹಿಂದೆ ಒಬ್ಬೊಬ್ಬರದೇ ಚಪ್ಪಲಿಯ ಸದ್ದು ಸೇರಿಕೊಳ್ಳುತ್ತಿತ್ತು. ಒಳಗೆ ಮೆಹಬೂಬಿ ಹತ್ತಿಯನ್ನು ಉಪ್ಪುನೀರಿನಲ್ಲಿ ಅದ್ದುತ್ತಿದ್ದಳು.